ಮನೆ ಜಿಮ್‌ಗೆ ಕೇಬಲ್ ಮೆಷಿನ್: ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಿಗೆ ಯಾವುದು ಹೊಂದುತ್ತದೆ, ಏನು ನೋಡಿ ಕೊಳ್ಳಬೇಕು

ಕೇಬಲ್ ಮೆಷಿನ್ ಕೊಳ್ಳಲು ಹೋದರೆ ಅಂಗಡಿಯಲ್ಲಿ ಮೊದಲು ಕೇಳಿಸುವುದು ಕೆಜಿ ಲೆಕ್ಕ. "ನೂರು ಕೆಜಿ ಸ್ಟ್ಯಾಕ್ ಐತ್ರಿ ಸರ, ಹೆವಿ ಮಾಡೆಲ್." ಸ್ಟ್ಯಾಕ್ ಎಂದರೆ ಒಂದರ ಮೇಲೊಂದು ಪೇರಿಸಿದ ತೂಕದ ಪ್ಲೇಟುಗಳು, ಪುಲ್ಲಿ ಮೇಲಿನ ಕೇಬಲ್ ಎಳೆದಾಗ ಏಳುವುದು ಅವೇ. ಆ ನೂರರಲ್ಲಿ ನಿಮ್ಮ ಕೈಗೆ ಎಷ್ಟು ಬರುತ್ತದೆ, ಎಷ್ಟು ನಯವಾಗಿ ಬರುತ್ತದೆ, ನಮ್ಮ ಕಡೆಯ ಎರಡು ಬೇಸಿಗೆ ಕಳೆದ ಮೇಲೂ ಹಾಗೇ ಬರುತ್ತದೆಯೇ ಎಂಬುದೆಲ್ಲ ಪುಲ್ಲಿ, ಗೈಡ್ ರಾಡ್ (ಪ್ಲೇಟುಗಳು ಏರಿಳಿಯುವ ನೆಟ್ಟ ಸರಳು), ಕೇಬಲ್ ಈ ಮೂರರ ಮೇಲೆ ನಿಂತಿದೆ. ಅದಕ್ಕಿಂತ ಮೊದಲು ನಿಮ್ಮ ಮನೆಯ ಗೋಡೆ ಮತ್ತು ನೆಲದ ಮೇಲೆ. ಹಾಗಾಗಿ ಫೋಟೋ ನೋಡಿ ಮಾಡೆಲ್ ಮೆಚ್ಚುವ ಮುನ್ನ ಅಳತೆ ಟೇಪು ಹಿಡಿದು ಕೋಣೆಗೆ ಹೋಗಿ.

ಕೋಣೆಯ ಅಳತೆ

ಎರಡು ಕಂಬ, ಎರಡು ಪುಲ್ಲಿ ಇರುವ ಫಂಕ್ಷನಲ್ ಟ್ರೈನರ್ ಸಾಮಾನ್ಯವಾಗಿ 150ರಿಂದ 165 ಸೆಂಮೀ ಅಗಲ, 90ರಿಂದ 120 ಸೆಂಮೀ ಆಳ, 210ರಿಂದ 220 ಸೆಂಮೀ ಎತ್ತರ ಇರುತ್ತದೆ. ಅದರ ಮುಂದೆ ಕನಿಷ್ಠ 150 ಸೆಂಮೀ ಖಾಲಿ ಜಾಗ ಬೇಕು. ಬೆಂಚ್ ಹಾಕುವುದಿದ್ದರೆ 200. ಅಂದರೆ 10 ಅಡಿ ಉದ್ದ, 10 ಅಡಿ ಅಗಲದ ಕೋಣೆಯಲ್ಲಿ ಮೆಷಿನ್ ಮತ್ತು ಬೆಂಚ್ ಹಿಡಿಸುತ್ತವೆ, ಮಂಚ ಹಿಡಿಸುವುದಿಲ್ಲ. ಜಿಮ್‌ಗಳಲ್ಲಿ ಕಾಣುವ, ಎರಡು ಕಂಬ ದೂರ ದೂರ ನಿಂತ ದೊಡ್ಡ ಕ್ರಾಸ್ ಓವರ್ ಮೆಷಿನ್‌ಗೆ ಅಗಲವೇ 11–13 ಅಡಿ ಬೇಕು, ಅದನ್ನು ಮನೆಯ ಲೆಕ್ಕದಿಂದ ಬಿಟ್ಟುಬಿಡಿ.

ಹೊಸ ಆರ್‌ಸಿಸಿ ಮನೆಯಲ್ಲಿ ಚಾವಣಿ 10 ಅಡಿ ಇದ್ದರೂ ಫ್ಯಾನ್ ರೆಕ್ಕೆ ಎಂಟೂವರೆ ಅಡಿಗೆ ಇಳಿದಿರುತ್ತದೆ. ಮೆಷಿನ್‌ನ ಮೇಲಿನ ಅಡ್ಡಪಟ್ಟಿ ಹಿಡಿದು ಪುಲ್ ಅಪ್ ಮಾಡಿದರೆ ತಲೆ 240–250 ಸೆಂಮೀಗೆ ಏರುತ್ತದೆ. ತಲೆಗೂ ರೆಕ್ಕೆಗೂ ನಡುವೆ ಒಂದು ಗೇಣೂ ಉಳಿಯುವುದಿಲ್ಲ. ಅಂಥ ಕೋಣೆಯಲ್ಲಿ ನಡುವಿನ ಫ್ಯಾನ್ ತೆಗೆಸಿ ಗೋಡೆ ಫ್ಯಾನ್ ಹಾಕಿಸಿ. ಸಜ್ಜಾ, ಬಾಗಿಲ ಮೇಲಿನ ಲಾಫ್ಟ್, ಕಿಟಕಿ ಪರದೆಯ ರಾಡ್ ಇವುಗಳ ಎತ್ತರವನ್ನೂ ಬರೆದುಕೊಳ್ಳಿ.

ಮಾಳಿಗೆ ಮೇಲೆ ತಗಡಿನ ಶೆಡ್ ಹೊಡೆಸಿ ಜಿಮ್ ಮಾಡುವವರು ಹೆಚ್ಚು. ಎರಡು ತೊಂದರೆ ಮೊದಲೇ ತಿಳಿದಿರಲಿ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುವ ಊರುಗಳಿವು. ತಗಡಿನ ಕೆಳಗೆ ಇನ್ನೂ ಹೆಚ್ಚು. ಅಗ್ಗದ ಪಿವಿಸಿ ಹೊದಿಕೆಯ ಕೇಬಲ್ ಆ ಬಿಸಿಗೆ ಮೆತ್ತಗಾಗಿ, ಪುಲ್ಲಿಯ ಅಂಚಿನ ತೋಡಿನಲ್ಲಿ ಒತ್ತಿ, ಬೇಗ ಬಿರಿಯುತ್ತದೆ. ಎರಡನೆಯದು, ಮಳೆನೀರು ಹರಿಯಲೆಂದು ಮಾಳಿಗೆಗೆ ಕೊಟ್ಟ ವಾಟ. ವಾಟ ಇರುವ ನೆಲದ ಮೇಲೆ ಮೆಷಿನ್ ನಿಲ್ಲಿಸಿದರೆ ಗೈಡ್ ರಾಡ್ ಓರೆಯಾಗಿ ಪ್ಲೇಟುಗಳು ಒಂದೇ ಬದಿಗೆ ಉಜ್ಜುತ್ತವೆ. ಶೆಡ್ಡೇ ಆಗಬೇಕೆಂದರೆ ಮೆಷಿನ್ ನಿಲ್ಲುವಷ್ಟು ಜಾಗವನ್ನು ಮಟ್ಟ ಮಾಡಿಸಿ, ನೀರು ಸುತ್ತ ಹರಿಯಲು ದಾರಿ ಬಿಡಿ.

ನೆಲ ಹೊರುತ್ತದೆಯೇ

ತಲಾ 80 ಕೆಜಿಯ ಎರಡು ಸ್ಟ್ಯಾಕ್, 170 ಕೆಜಿ ಫ್ರೇಮ್, ಜೊತೆಗೆ ನೀವು: ಒಟ್ಟು 400 ಕೆಜಿ. ವಾಸದ ಮನೆಯ ಸ್ಲ್ಯಾಬನ್ನು ಭಾರತೀಯ ಮಾನದಂಡದ ಪ್ರಕಾರ ಚದರ ಮೀಟರಿಗೆ ಸುಮಾರು 200 ಕೆಜಿ ಬಳಕೆಯ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ಮೆಷಿನ್ ಕೂತ ಜಾಗ ಎರಡು ಚದರ ಮೀಟರಿನ ಒಳಗೇ. ಅಂದರೆ ಮಹಡಿಯ ಮೇಲೆ ಆ ಜಾಗ ತನ್ನ ಮಿತಿ ಮುಟ್ಟಿತು. ಮಹಡಿಯಲ್ಲಾದರೆ ಮೆಷಿನ್ ಕೋಣೆಯ ನಡುವೆ ಬೇಡ, ತೊಲೆ ಅಥವಾ ಭಾರ ಹೊರುವ ಗೋಡೆಗೆ ಒತ್ತಿ ಇಡಿ. ಪ್ಲೇಟು ಧೊಪ್ಪನೆ ಬೀಳಿಸುವ ಅಭ್ಯಾಸ ಇರುವವರು ಮಹಡಿಯ ಆಸೆಯನ್ನೇ ಬಿಡುವುದು ಒಳ್ಳೆಯದು. ಜಂತಿ ಮೇಲೆ ಮಣ್ಣು ಹೊದಿಸಿದ ಹಳೆಯ ಮಾಳಿಗೆ ಮನೆಗಳಲ್ಲಿ ಮೆಷಿನ್ ಏನಿದ್ದರೂ ಕೆಳಗಿನ ನೆಲದ ಮೇಲೇ.

ನೆಲದಲ್ಲಿ ಶಾಬಾದ್ ಅಥವಾ ಕಡಪ ಕಲ್ಲು ಹಾಸಿದ್ದರೆ ಬೆರಳಗಂಟಿನಿಂದ ಒಂದೊಂದನ್ನೇ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಲ್ಲಿನ ಕೆಳಗೆ ಗಾರೆ ಬಿಟ್ಟಿದೆ. ಫ್ರೇಮಿನ ಕಾಲು ಅದರ ಮೇಲೆ ಬಂದರೆ ಕಲ್ಲು ಸೀಳುತ್ತದೆ. 10–12 ಮಿಮೀ ರಬ್ಬರ್ ಮ್ಯಾಟ್ ಸದ್ದು ಕಡಿಮೆ ಮಾಡುತ್ತದೆ, ಟೊಳ್ಳು ಕಲ್ಲನ್ನು ಉಳಿಸುವುದಿಲ್ಲ. ಅಲ್ಲಿ ಕಾಲಿನ ಕೆಳಗೆ 18 ಮಿಮೀ ಪ್ಲೈವುಡ್ ಹಾಕಿ ಭಾರ ಹರಡಿ.

ಗೋಡೆಗೆ ಬಿಗಿಯುವ ಮೆಷಿನ್ ಬೇಕೆಂದರೆ

ಜಾಗ ಕಡಿಮೆ ಇದ್ದವರಿಗೆ ಗೋಡೆಗೆ ಬಿಗಿಯುವ ಒಂಟಿ ಕಂಬದ ಮೆಷಿನ್ ಒಳ್ಳೆಯ ಆಯ್ಕೆ. ಆಳ 40–60 ಸೆಂಮೀ ಸಾಕು. ಆದರೆ ಇಲ್ಲಿ ಒಂದು ಲೆಕ್ಕ ಎಲ್ಲರೂ ತಪ್ಪಿಸುತ್ತಾರೆ. ಮೇಲಿನ ಪುಲ್ಲಿಯ ಒಂದು ಬದಿಗೆ 60 ಕೆಜಿ ಪ್ಲೇಟು ಜೋತಿದೆ, ಇನ್ನೊಂದು ಬದಿಯಿಂದ ನೀವು 60 ಕೆಜಿ ಬಲದಲ್ಲಿ ಎಳೆಯುತ್ತೀರಿ. ಪುಲ್ಲಿಯ ಬೋಲ್ಟ್ ಹೊರುವುದು 120 ಕೆಜಿ. ಜಗ್ಗಿ ಎಳೆದರೆ ಇನ್ನೂ ಮೇಲೆ. ಇದೇ ಕಾರಣಕ್ಕೆ ಕಡಿಮೆ ಬೆಲೆಯ ಪುಲ್ಲಿ ಕಿಟ್ ತಂದು ಫ್ಯಾನ್ ಹುಕ್ಕಿಗೆ ನೇತುಹಾಕಬಾರದು. ಆ ಕೊಂಡಿಯನ್ನು ಎಷ್ಟು ಆಳಕ್ಕೆ ಹೂತಿದ್ದಾರೆ, ಒಳಗಿನ ಸರಳಿಗೆ ಸಿಕ್ಕಿಸಿದ್ದಾರೋ ಇಲ್ಲವೋ ಮೇಸ್ತ್ರಿಗೆ ಮಾತ್ರ ಗೊತ್ತು. ಕಿತ್ತರೆ ಅದು ಬರುವುದು ನೇರ ನೆತ್ತಿಗೆ.

ಗೋಡೆ ಯಾವುದರದ್ದು ಎಂದು ಖಚಿತ ಮಾಡಿಕೊಳ್ಳಿ. ಸ್ವಿಚ್ ಬೋರ್ಡ್ ಬಿಚ್ಚಿದರೆ ಒಳಗಿನ ಬಣ್ಣ ಕಾಣುತ್ತದೆ. ಸುಟ್ಟ ಇಟ್ಟಿಗೆಯ 9 ಇಂಚಿನ ಗೋಡೆಗೆ 10 ಅಥವಾ 12 ಮಿಮೀ ಆಂಕರ್ ಬೋಲ್ಟ್ (ಬಿಗಿದಾಗ ತೂತಿನೊಳಗೆ ಹಿಗ್ಗಿ ಹಿಡಿಯುವ ಬೋಲ್ಟ್), ಗಿಲಾವು ಬಿಟ್ಟು ಇಟ್ಟಿಗೆಯೊಳಗೆ ಕನಿಷ್ಠ 80 ಮಿಮೀ ಇಳಿದರೆ ಸಾಕು. ಇಟ್ಟಿಗೆಯ ನಡುವೆ ಕೊರೆಯಿರಿ, ಸಂದಿಯ ಗಾರೆಯಲ್ಲಿ ಬೇಡ. ರಾಯಚೂರು ಕಡೆ ಶಕ್ತಿನಗರದ ಥರ್ಮಲ್ ಸ್ಟೇಶನ್ನಿನ ಬೂದಿಯಿಂದಾಗಿ ಫ್ಲೈ ಆಶ್ ಇಟ್ಟಿಗೆಯ ಮನೆಗಳು ಬಹಳ. ಚೆನ್ನಾಗಿ ಕ್ಯೂರಿಂಗ್ ಆದ ಫ್ಲೈ ಆಶ್ ಇಟ್ಟಿಗೆ ಬೋಲ್ಟನ್ನು ಗಟ್ಟಿಯಾಗಿ ಹಿಡಿಯುತ್ತದೆ. ಡ್ರಿಲ್ ಮಾಡುವಾಗ ಪುಡಿ ಸಕ್ಕರೆಯಂತೆ ಸುರಿದು ಬಿಟ್ ತಾನಾಗಿ ಒಳಗೆ ಹೋದರೆ ಆ ಇಟ್ಟಿಗೆ ಕಚ್ಚಾ, ಅಲ್ಲಿ ಬಿಗಿಯಬೇಡಿ.

ಸಿಮೆಂಟಿನ ಟೊಳ್ಳು ಬ್ಲಾಕ್ ಗೋಡೆಯಲ್ಲಿ ಸಾಮಾನ್ಯ ಆಂಕರ್ ಹಿಗ್ಗಿ ಹಿಡಿಯಲು ಒಳಗೆ ಏನೂ ಇರುವುದಿಲ್ಲ. ಅಲ್ಲಿ ಗೋಡೆಯ ಆಚೆ ಬದಿಗೂ 6 ಮಿಮೀ ಕಬ್ಬಿಣದ ಪಟ್ಟಿ ಇಟ್ಟು, ಆರಪಾರ ಬೋಲ್ಟ್ ಹಾಕಿ ನಟ್ಟು ಬಿಗಿಯುವುದು ನಂಬಿಕೆಯ ದಾರಿ. ನಾಲ್ಕೂವರೆ ಇಂಚಿನ ಒಂಟಿ ಇಟ್ಟಿಗೆಯ ಅಡ್ಡಗೋಡೆಗೂ ಇದೇ ಉಪಾಯ. ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಗೋಡೆ ಎರಡು ಅಡಿ ದಪ್ಪ ಇದ್ದರೂ ಬೋಲ್ಟಿಗೆ ಆಗಿಬರುವುದಿಲ್ಲ. ಕೊರೆದ ತೂತು ಕಲ್ಲಿನಿಂದ ಜಾರಿ ಮಣ್ಣಿಗೆ ಇಳಿಯುತ್ತದೆ, ತಿಂಗಳೊಳಗೆ ಬೋಲ್ಟ್ ಅಲ್ಲಾಡುತ್ತದೆ. ಅಂಥ ಮನೆಗೆ ನೆಲದ ಮೇಲೆ ತಾನೇ ನಿಲ್ಲುವ ಮೆಷಿನ್ ತನ್ನಿ, ಚರ್ಚೆಯೇ ಬೇಡ.

1:1 ಮತ್ತು 2:1

ಬಾವಿಯ ಗಡಗಡಿಯಲ್ಲಿ ಹಗ್ಗವನ್ನು ಒಂದು ಮೊಳ ಎಳೆದರೆ ಕೊಡ ಒಂದು ಮೊಳ ಮೇಲೆ ಬರುತ್ತದೆ, ಕೊಡದ ಪೂರ್ತಿ ಭಾರ ಕೈಗೆ ಬರುತ್ತದೆ. ಅದು 1:1. ಭಾರಕ್ಕೇ ಇನ್ನೊಂದು ಪುಲ್ಲಿ ಕಟ್ಟಿ ಕೇಬಲ್ಲನ್ನು ಅದರ ಕೆಳಗಿಂದ ಸುತ್ತಿ ತಂದರೆ ಅರ್ಧ ಭಾರ ಕೈಗೆ, ಉಳಿದರ್ಧ ಫ್ರೇಮಿಗೆ. ಅದು 2:1. ಎಷ್ಟು ಪ್ಲೇಟು ಏಳಬೇಕೆಂದು ಆರಿಸಲು ಸ್ಟ್ಯಾಕಿಗೆ ಚುಚ್ಚುವ ಪಿನ್ 80 ಕೆಜಿಗೆ ಹಾಕಿದರೂ ಕೈಗೆ ಬರುವುದು 40.

ಹಾಗೆಂದು 2:1 ಮೋಸವಲ್ಲ. ಕೈ ಎರಡು ಮೀಟರ್ ಚಲಿಸಿದಾಗ ಪ್ಲೇಟುಗಳು ಒಂದೇ ಮೀಟರ್ ಏರುತ್ತವೆ. 5 ಕೆಜಿಯ ಹದಿನಾರು ಪ್ಲೇಟಿನ ಸ್ಟ್ಯಾಕೇ 40–50 ಸೆಂಮೀ ಎತ್ತರ ಆಗುತ್ತದೆ. ಏಳು ಅಡಿ ಫ್ರೇಮಿನಲ್ಲಿ ಅದಕ್ಕೆ ಏರಲು ಉಳಿಯುವುದು ಒಂದೂವರೆ ಮೀಟರ್ ಚಿಲ್ಲರೆ. ಕೆಳಗಿನ ಪುಲ್ಲಿಯಿಂದ ತಲೆ ಮೇಲಕ್ಕೆ ಒತ್ತುವ ವ್ಯಾಯಾಮಕ್ಕೆ, ಹೆಜ್ಜೆ ಮುಂದಿಟ್ಟು, ಚಾಚಿದ ಕೈಗಳನ್ನು ಎದೆಯ ಮುಂದೆ ಕೂಡಿಸುವ ಫ್ಲೈಗೆ ಆರಡಿ ಆಳಿಗೆ ಎರಡು ಮೀಟರಿಗೂ ಹೆಚ್ಚು ಕೇಬಲ್ ಬೇಕು. 1:1ರಲ್ಲಿ ಪ್ಲೇಟು ಮೇಲಿನ ಪಟ್ಟಿಗೆ ಟಣ್ಣೆಂದು ಬಡಿಯುತ್ತದೆ, 2:1ರಲ್ಲಿ ಬಡಿಯುವುದಿಲ್ಲ. ಏರಿಕೆಯ ಮೆಟ್ಟಿಲೂ ಸಣ್ಣದಾಗುತ್ತದೆ: 5 ಕೆಜಿಯ ಒಂದೊಂದು ಪ್ಲೇಟಿಗೆ ಕೈಗೆ ಎರಡೂವರೆ ಕೆಜಿಯಷ್ಟೇ ಹೆಚ್ಚಾಗುತ್ತದೆ. ಕೈಯನ್ನು ಪಕ್ಕಕ್ಕೆ ಎತ್ತುವ ಭುಜದ ಲ್ಯಾಟರಲ್ ರೈಸ್‌ನಲ್ಲಿ 5ರಿಂದ ಒಮ್ಮೆಲೇ 10 ಕೆಜಿಗೆ ಹಾರುವುದು ಯಾರಿಗೂ ಆಗದ ಮಾತು.

ಇದಕ್ಕೆ ವಿರುದ್ಧವಾಗಿ ಲ್ಯಾಟ್ ಪುಲ್‌ಡೌನ್ (ಮೇಲಿನ ಬಾರನ್ನು ಎದೆಗೆ ಎಳೆಯುವುದು), ಕೂತು ಎಳೆಯುವ ರೋ ಇವಕ್ಕೆ 1:1 ಬೇಕು. ಕೆಲವು ವರ್ಷ ವ್ಯಾಯಾಮ ಮಾಡಿದ 70 ಕೆಜಿ ತೂಕದ ಆಳು ಲ್ಯಾಟ್‌ನಲ್ಲಿ 60–70 ಕೆಜಿ ಎಳೆಯುವುದು ಸಾಮಾನ್ಯ. 2:1 ಇರುವ 80 ಕೆಜಿಯ ಒಂಟಿ ಸ್ಟ್ಯಾಕ್ ಕೊಡುವುದು 40, ಅವನಿಗೆ ಅದು ಮೊದಲ ದಿನವೇ ಸಾಲದು. ಎರಡು ಸ್ಟ್ಯಾಕಿನ ಫಂಕ್ಷನಲ್ ಟ್ರೈನರ್‌ನಲ್ಲಿ ಒಂದು ಉಪಾಯವಿದೆ: ಎರಡೂ ಕೇಬಲ್ಲುಗಳನ್ನು ಒಂದೇ ಉದ್ದ ಬಾರಿನ ಎರಡು ತುದಿಗೆ ಸಿಕ್ಕಿಸಿದರೆ 40 ಮತ್ತು 40 ಕೂಡಿ 80 ಕೆಜಿ ಸಿಗುತ್ತದೆ.

ಒಂದೇ ಸ್ಟ್ಯಾಕಿಗೆ ಎರಡು ಹ್ಯಾಂಡಲ್ ಕೊಟ್ಟ ಮಾಡೆಲ್‌ಗಳೂ ಇವೆ. ಬೆಲೆ ಕಡಿಮೆ, ಜಾಗ ಕಡಿಮೆ. ಪ್ರತಿ ಕೈಗೆ ಸ್ಟ್ಯಾಕಿನ ಅರ್ಧವೇ ಬರುವುದು. ಗಂಡ ಹೆಂಡತಿ ಒಟ್ಟಿಗೆ ತಲಾ ಒಂದು ಬದಿ ಹಿಡಿದು ಬೇರೆ ಬೇರೆ ಭಾರ ಎಳೆಯಲು ಅದರಲ್ಲಿ ಆಗುವುದಿಲ್ಲ.

ಅಂಗಡಿಯವರಿಗೆ ರೇಶಿಯೋ ಎಷ್ಟು ಎಂದು ಕೇಳಿದರೆ "ಫುಲ್ ವೇಟ್ ಬರ್ತತ್ರಿ" ಎಂಬ ಉತ್ತರವೂ ಬರಬಹುದು. ಟೇಪು ತೆಗೆಯಿರಿ. ಹ್ಯಾಂಡಲ್ಲನ್ನು 60 ಸೆಂಮೀ ಎಳೆದು ಹಿಡಿಯಲು ಹೇಳಿ, ಪ್ಲೇಟು ಎಷ್ಟು ಏರಿತು ಅಳೆಯಿರಿ. 60 ಏರಿದರೆ 1:1, 30 ಏರಿದರೆ 2:1. ಇದರಲ್ಲಿ ವಾದಕ್ಕೆ ಜಾಗವಿಲ್ಲ.

ಪ್ಲೇಟ್ ಹಾಕುವುದೋ, ಪಿನ್ ಚುಚ್ಚುವುದೋ

ಮನೆಯಲ್ಲಿ ಈಗಾಗಲೇ ಬಾರ್ಬೆಲ್ ಪ್ಲೇಟುಗಳಿದ್ದರೆ ಅವನ್ನೇ ಏರಿಸುವ ಮೆಷಿನ್ ಹಣ ಉಳಿಸುತ್ತದೆ, ಸಾಗಣೆಯೂ ಹಗುರ. ಪ್ಲೇಟು ಹೊರುವ ಟ್ರಾಲಿಯೇ 3–5 ಕೆಜಿ ತೂಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ. ಪ್ರತಿ ವ್ಯಾಯಾಮಕ್ಕೂ ಪ್ಲೇಟು ತೆಗೆದು ಹಾಕುವ ತಾಳ್ಮೆ ಬೇಕು, ಅಷ್ಟೇ. ಮನೆಯಲ್ಲಿ ಅಪ್ಪ, ಅಮ್ಮ, ಮಕ್ಕಳು ಎಲ್ಲರೂ ಬಳಸುವುದಾದರೆ ಪಿನ್ ಸ್ಟ್ಯಾಕೇ ಸರಿ. ಅಮ್ಮನಿಗೆ ಎರಡೂವರೆ ಕೆಜಿಯಿಂದ ಶುರುವಾಗಬೇಕು, ಮಗನಿಗೆ 50 ಬೇಕು. ಪಿನ್ ತೆಗೆದು ಚುಚ್ಚುವುದು ಎರಡು ಸೆಕೆಂಡಿನ ಕೆಲಸ.

ಮೋಟಾರಿನಿಂದ ಭಾರ ಕೊಡುವ ಡಿಜಿಟಲ್ ಮೆಷಿನ್‌ಗಳು ಬಂದಿವೆ. ಜಾಗ ಉಳಿಸುತ್ತವೆ. ಕರೆಂಟ್ ಹೋದರೆ ಭಾರವೂ ಹೋಯಿತು, ಕೆಟ್ಟರೆ ರಿಪೇರಿಗೆ ಊರಲ್ಲಿ ಯಾರೂ ಇಲ್ಲ. ಸದ್ಯಕ್ಕೆ ನಮ್ಮ ಜಿಲ್ಲೆಗಳಿಗೆ ಅದನ್ನು ಹೇಳಲಾರೆವು.

ಒಳಗಿನ ಸಾಮಾನು: ಹಣ ಹೋಗಬೇಕಾದ ಜಾಗ

ಮೊದಲು ಕೇಬಲ್. ಒಳ್ಳೆಯ ಕೇಬಲ್ ಒಳಗೆ 7×19 ಹೆಣಿಗೆಯ ಉಕ್ಕಿನ ತಂತಿ ಇರುತ್ತದೆ: ಏಳು ಎಳೆ, ಪ್ರತಿ ಎಳೆಯಲ್ಲಿ 19 ಸಣ್ಣ ತಂತಿ, ಒಟ್ಟು 133. ತಂತಿ ಸಣ್ಣದಿದ್ದಷ್ಟೂ ಪುಲ್ಲಿಯ ಮೇಲೆ ಸಲೀಸಾಗಿ ಬಾಗುತ್ತದೆ. 7×7 ಹೆಣಿಗೆ ಬಿರುಸು, ಬೇಗ ದಣಿಯುತ್ತದೆ. ಹೊರಗಿನ ಹೊದಿಕೆ ನೈಲಾನ್ ಆಗಿದ್ದರೆ ಒಳಿತು. ಹೊರಗಿನ ದಪ್ಪ ನೋಡಿ ಮೋಸಹೋಗಬೇಡಿ. ಒಳಗಿನ ತಂತಿಯ ದಪ್ಪ ಕೇಳಿ. 4.8 ಮಿಮೀ ತಂತಿ ಸುಮಾರು 1,900 ಕೆಜಿಗೆ ಮುರಿಯುತ್ತದೆ, 3.2 ಮಿಮೀ ತಂತಿ ಸುಮಾರು 900ಕ್ಕೆ. ನೀವು ಎಳೆಯುವ 60–80 ಕೆಜಿಗೆ ಎರಡೂ ಬಹಳ ಹೆಚ್ಚಾಯಿತು. ಹಾಗಾದರೆ ಕೇಬಲ್ ತುಂಡಾಗುವುದೇಕೆ? ಭಾರದಿಂದಲ್ಲ, ಸಣ್ಣ ಪುಲ್ಲಿಯ ಮೇಲೆ ಸಾವಿರಾರು ಸಲ ಬಾಗಿ ಬಾಗಿ. ಮತ್ತು ತುದಿಯಲ್ಲಿ, ಒತ್ತಿ ಕೂರಿಸಿದ ಲೋಹದ ಬುಗುಟಿಯ ಪಕ್ಕದಲ್ಲೇ.

ಆದ್ದರಿಂದ ಪುಲ್ಲಿಯ ವ್ಯಾಸ 90 ಮಿಮೀಗಿಂತ ಕಡಿಮೆ ಬೇಡ, 110 ಇದ್ದರೆ ಉತ್ತಮ. ಅಗ್ಗದ ಕಿಟ್‌ಗಳಲ್ಲಿ 50–60 ಮಿಮೀ ಪುಲ್ಲಿ ಬರುತ್ತದೆ. ಕೇಬಲ್ ಅದರ ಮೇಲೆ ಮೊಣಕೈಯಂತೆ ಮಡಚಿಕೊಳ್ಳುತ್ತದೆ. ಪುಲ್ಲಿಯ ನಡುವೆ ಬೇರಿಂಗ್ ಇರಬೇಕು, ಬರೀ ಬುಷ್ (ತೂತಿನೊಳಗೆ ಕೂರಿಸಿದ ಜಾರುವ ಉಂಗುರ) ಸಾಲದು. ಬೇರಿಂಗ್ ಮೇಲಿನ ಅಕ್ಷರ ಓದಿ: 2ಆರ್‌ಎಸ್ ಎಂದಿದ್ದರೆ ಎರಡೂ ಬದಿ ರಬ್ಬರ್ ಸೀಲ್, ಝಡ್‌ಝಡ್ ಎಂದಿದ್ದರೆ ತೆಳು ತಗಡಿನ ಮುಚ್ಚಳ. ನಮ್ಮ ಧೂಳಿಗೆ 2ಆರ್‌ಎಸ್. ಕೇಬಲ್ ಹಾರಿ ಹೊರಗೆ ಬೀಳದಂತೆ ಪುಲ್ಲಿಯ ಅಂಚಿಗೆ ತಡೆ ಇರಬೇಕು. ಅಂಚಿಗೂ ತಡೆಗೂ ನಡುವಿನ ಸಂದಿ ಕೇಬಲ್ ದಪ್ಪಕ್ಕಿಂತ ಕಡಿಮೆ ಇದೆಯೇ ನೋಡಿ.

ಗೈಡ್ ರಾಡ್ ಗಟ್ಟಿ ಸರಳಾಗಿರಬೇಕು, ಕೊಳವೆಯಲ್ಲ. ಕೀಲಿಕೈಯಿಂದ ತಟ್ಟಿದರೆ ಕೊಳವೆ ಗಂಟೆಯಂತೆ ನಾದ ಕೊಡುತ್ತದೆ. 20ರಿಂದ 25 ಮಿಮೀ ದಪ್ಪ, ಮೇಲೆ ಹಾರ್ಡ್ ಕ್ರೋಮ್. ಹ್ಯಾಂಡಲ್ ಹಿಡಿಯುವ ಕಂಬದಲ್ಲಿ ಪುಲ್ಲಿ ಎಷ್ಟು ಕೆಳಗೆ ಇಳಿಯುತ್ತದೆ ಎಂದೂ ಅಳೆಯಿರಿ: ನೆಲದಿಂದ 25 ಸೆಂಮೀ ಒಳಗೆ ಬಂದರೆ ಬೈಸೆಪ್ಸ್ ಕರ್ಲ್, ಲೋ ರೋ ಸರಿಯಾಗುತ್ತವೆ, 40ರಲ್ಲೇ ನಿಂತರೆ ಕೊನೆಗೆ ಇಟ್ಟಿಗೆ ಮೇಲೆ ನಿಂತು ವ್ಯಾಯಾಮ ಮಾಡಬೇಕಾಗುತ್ತದೆ. ಪುಲ್ಲಿಯ ಎತ್ತರ ಬದಲಿಸಲು ಕಂಬದಲ್ಲಿರುವ ತೂತುಗಳ ನಡುವಿನ ಅಂತರ 5 ಸೆಂಮೀ ಇದ್ದರೆ ಕುಳ್ಳರಿಗೂ ಎತ್ತರದವರಿಗೂ ಹೊಂದುತ್ತದೆ.

ಧೂಳು

ಸಂಡೂರು, ತೋರಣಗಲ್ಲು ಕಡೆಯ ಕೆಂಪು ಅದಿರಿನ ಧೂಳು ಸಾಮಾನ್ಯ ಮಣ್ಣಿನ ಧೂಳಲ್ಲ. ಹೆಮಟೈಟ್ ಗಟ್ಟಿ ಖನಿಜ. ಅದರ ಕಣ ರಾಡಿನ ಮೇಲೆ ಜಾರುವ ಪ್ಲೇಟಿನ ನೈಲಾನ್ ಬುಷ್‌ನಲ್ಲಿ ನಾಟಿಕೊಂಡರೆ ಬುಷ್ಷೇ ಉಪ್ಪುಕಾಗದವಾಗಿ ರಾಡಿನ ಕ್ರೋಮನ್ನು ಗೀರುತ್ತದೆ. ಗಿಣಿಗೇರಾ ಸುತ್ತಮುತ್ತ ಸ್ಪಾಂಜ್ ಐರನ್ ಕಾರ್ಖಾನೆಗಳ ಕಪ್ಪು ಮಸಿ. ರಾಯಚೂರಿನ ಜಿನ್ನಿಂಗ್ ಮಿಲ್ಲುಗಳ ಹತ್ತಿರವಾದರೆ ಹತ್ತಿಯ ನವಿರು ಎಳೆ ಗಾಳಿಯಲ್ಲಿ ಬಂದು ಪುಲ್ಲಿಯ ಬೋಲ್ಟಿಗೆ ಸುತ್ತಿಕೊಳ್ಳುತ್ತದೆ. ಬೇರಿಂಗ್ ಸರಿಯಿದ್ದರೂ ಪುಲ್ಲಿ ಬಿಗಿಯುತ್ತದೆ.

ಇಂಥ ಊರಲ್ಲಿ ಸ್ಟ್ಯಾಕಿಗೆ ಮುಂದೆ ಹಿಂದೆ ತಗಡು ಅಥವಾ ಅಕ್ರಿಲಿಕ್ ಮುಚ್ಚಳ ಇರುವ ಮಾಡೆಲ್ ಆರಿಸಿ. ಮಕ್ಕಳ ಬೆರಳು ಸಿಕ್ಕಿಕೊಳ್ಳದಿರಲೂ ಅದು ಬೇಕು. ರಾಡಿಗೆ ಗ್ರೀಸ್, ಎಂಜಿನ್ ಆಯಿಲ್, ಕೊಬ್ಬರಿ ಎಣ್ಣೆ ಯಾವುದೂ ಹಚ್ಚಬಾರದು: ಎಣ್ಣೆ ಮತ್ತು ಅದಿರಿನ ಧೂಳು ಸೇರಿದರೆ ಅರೆಯುವ ಲೇಪವೇ ತಯಾರು. ಹದಿನೈದು ದಿನಕ್ಕೊಮ್ಮೆ ಒಣ ಬಟ್ಟೆಯಿಂದ ರಾಡು ಒರೆಸಿ, ಸಿಲಿಕೋನ್ ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಆ ಬಟ್ಟೆಯಿಂದ ಸವರಿ. ಬೋರ್ ನೀರಿನ ಒದ್ದೆ ಬಟ್ಟೆ ಬೇಡ, ಉಪ್ಪಿನ ಬಿಳಿ ಕಲೆ ಕೂತು ಒರಟಾಗುತ್ತದೆ.

ಅಂಗಡಿಯಲ್ಲಿ ಹತ್ತು ನಿಮಿಷದ ಪರೀಕ್ಷೆ

ಹತ್ತಿ, ಮೆಣಸಿನಕಾಯಿ ಚೀಲ ತೂಗುವ ಕೊಕ್ಕೆಯ ಡಿಜಿಟಲ್ ತೂಕ ನೂರಾರು ರೂಪಾಯಿಗೆ ಸಿಗುತ್ತದೆ. ಅದನ್ನು ಜೊತೆಗೆ ಒಯ್ಯಿರಿ. ಹ್ಯಾಂಡಲ್ ತೆಗೆದು ಕೇಬಲ್ ತುದಿಗೆ ತೂಕದ ಕೊಕ್ಕೆ ಸಿಕ್ಕಿಸಿ. 2:1 ಮೆಷಿನ್‌ನಲ್ಲಿ ಪಿನ್ 20 ಕೆಜಿಗೆ ಹಾಕಿ ನಿಧಾನವಾಗಿ, ಒಂದೇ ವೇಗದಲ್ಲಿ ಎಳೆಯುತ್ತ ಅಂಕಿ ಓದಿ. ಅಷ್ಟೇ ನಿಧಾನವಾಗಿ ಬಿಡುತ್ತ ಇನ್ನೊಮ್ಮೆ ಓದಿ. ಎಳೆಯುವಾಗ 11, ಬಿಡುವಾಗ 9 ಬಂದರೆ ಚೆನ್ನಾಗಿದೆ. 13 ಮತ್ತು 7 ಬಂದರೆ ಪುಲ್ಲಿ ಮತ್ತು ರಾಡುಗಳೇ ಮೂರು ಕೆಜಿ ತಿನ್ನುತ್ತಿವೆ: ಏರಿಸುವಾಗ ಸುಮ್ಮನೆ ಭಾರ, ಇಳಿಸುವಾಗ ಸ್ನಾಯುವಿಗೆ ಕೆಲಸ ಕಡಿಮೆ. ಎರಡು ಅಂಕಿಗಳ ಸರಾಸರಿ 10ರ ಹತ್ತಿರ ಬರದೆ 8 ಬಂದರೆ ಪ್ಲೇಟಿನ ಮೇಲೆ ಬರೆದ ತೂಕವೇ ಸುಳ್ಳು. ಎರಕದ ಕಬ್ಬಿಣದ ಬದಲು ಸಿಮೆಂಟ್ ತುಂಬಿದ ಪ್ಲಾಸ್ಟಿಕ್ ಪ್ಲೇಟುಗಳಲ್ಲಿ ಇದು ಹೆಚ್ಚು.

ಆಮೇಲೆ ಒಂದೇ ಪ್ಲೇಟು ಹಾಕಿ ಎಳೆದು ನಿಧಾನಕ್ಕೆ ಬಿಡಿ. ಹಗುರ ಭಾರ ನಡುವೆ ಎಲ್ಲೂ ನಿಲ್ಲದೆ ಪೂರ್ತಿ ಕೆಳಗೆ ಬರಬೇಕು. ಪಿನ್ ಅರ್ಧದ ಮೇಲಿನ ಭಾರಕ್ಕೆ ಹಾಕಿ ಹ್ಯಾಂಡಲ್ಲನ್ನು ಪಕ್ಕಕ್ಕೆ, ಓರೆಯಾಗಿ ಎಳೆಯಿರಿ. ಫ್ರೇಮಿನ ಕಾಲು ನೆಲ ಬಿಡುತ್ತದೆಯೇ ನೋಡಿ. ಎರಡೂ ಬದಿಯ ಕಂಬಗಳಲ್ಲಿ ಒಂದೇ ಭಾರ ಹಾಕಿ ಎಳೆದಾಗ ಎಡ ಬಲ ಬೇರೆ ಅನಿಸಿದರೆ ಆ ಪೀಸು ಬೇಡ ಎನ್ನಿ.

ಎಲ್ಲ ಮಾಡೆಲ್ಲೂ ನಮ್ಮ ಊರಿನ ಅಂಗಡಿಯಲ್ಲಿ ಇರುವುದಿಲ್ಲ. ಕೊಪ್ಪಳದವರಿಗೆ ಹುಬ್ಬಳ್ಳಿ, ರಾಯಚೂರಿನವರಿಗೆ ಹೈದರಾಬಾದ್, ಬಳ್ಳಾರಿಯವರಿಗೆ ಬೆಂಗಳೂರು. ಲಕ್ಷದ ಸಮೀಪದ ವಸ್ತುವಿಗೆ ಒಂದು ದಿನದ ಓಡಾಟ ದುಬಾರಿಯೇನಲ್ಲ. ಮೀರತ್, ಜಲಂಧರ್ ಕಡೆಯಿಂದ ನೇರ ತರಿಸುವುದಾದರೆ ಸಾಗಣೆ ಮನೆ ಬಾಗಿಲಿಗೋ, ಟ್ರಾನ್ಸ್‌ಪೋರ್ಟ್ ಗೋಡೌನ್ ತನಕವೋ ಎಂದು ಬರಹದಲ್ಲಿ ಕೇಳಿ. ಗೋಡೌನ್‌ನಿಂದ ಮನೆಗೆ ಟಾಟಾ ಏಸ್, ಹಮಾಲಿ ಖರ್ಚು ಬೇರೆ. ಪೆಟ್ಟಿಗೆ ಜಜ್ಜಿದ್ದರೆ ಸಹಿ ಹಾಕುವ ಮುನ್ನ ಟ್ರಾನ್ಸ್‌ಪೋರ್ಟಿನವರು ಕೊಡುವ ಎಲ್‌ಆರ್ (ಲಾರಿ) ರಸೀದಿಯ ಮೇಲೇ ಬರೆಸಿ, ಫೋಟೋ ತೆಗೆಯಿರಿ.

ಊರಲ್ಲೇ ಮಾಡಿಸುವುದು

ಬಳ್ಳಾರಿಯಲ್ಲಿ ವೆಲ್ಡಿಂಗ್ ಕೈಗಳಿಗೆ ಬರವಿಲ್ಲ. ಪ್ಲೇಟು ಹಾಕುವ ಸರಳ ಲ್ಯಾಟ್ ಮೆಷಿನ್ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಮಾಡಿಸಬಹುದು. ಪೈಪು 50×50 ಮಿಮೀ, ಕನಿಷ್ಠ 2 ಮಿಮೀ ದಪ್ಪ, ಅಂದರೆ 14 ಗೇಜ್. ನೆಟ್ಟ ಕಂಬಕ್ಕೆ 3 ಮಿಮೀ. ಗೇಜಿನಲ್ಲಿ ಮೋಸ ಹಿಡಿಯುವುದು ಸುಲಭ: 20 ಅಡಿಯ ಪೂರ್ತಿ ಪೈಪು ತಕ್ಕಡಿಗೆ ಹಾಕಿಸಿ. 2 ಮಿಮೀ ಇದ್ದರೆ 18 ಕೆಜಿ ಹತ್ತಿರ, 3 ಮಿಮೀ ಇದ್ದರೆ 26 ಕೆಜಿ ಹತ್ತಿರ ತೂಗಬೇಕು. 14 ಕೆಜಿ ತೂಗಿದರೆ ಅದು 16 ಗೇಜು.

ಗೈಡ್ ರಾಡಿಗೆ ಹೈಡ್ರಾಲಿಕ್ ಸಿಲಿಂಡರ್ ರಿಪೇರಿ ಅಂಗಡಿಗಳಲ್ಲಿ ಹಾರ್ಡ್ ಕ್ರೋಮ್ ರಾಡ್ ಕೇಳಿ. 25 ಮಿಮೀ ಗಟ್ಟಿ ರಾಡು ಮೀಟರಿಗೆ 3.85 ಕೆಜಿ. ಪುಲ್ಲಿ ಮತ್ತು ಕೇಬಲ್ ಮಾತ್ರ ಜಿಮ್‌ನದ್ದೇ ತರಿಸಿ. ಬೋರ್‌ವೆಲ್ ಮೋಟಾರ್ ಇಳಿಸುವ ಜಿಐ ತಂತಿ ಹಗ್ಗ ಅಗ್ಗವೆಂದು ಹಾಕಿಸುತ್ತಾರೆ. ಹೊದಿಕೆಯಿಲ್ಲದ ಆ ಹಗ್ಗ ನೈಲಾನ್ ಪುಲ್ಲಿಯ ತೋಡನ್ನು ಗರಗಸದಂತೆ ಕೊಯ್ಯುತ್ತದೆ, ಮುರಿದ ತಂತಿ ಅಂಗೈಗೆ ಚುಚ್ಚುತ್ತದೆ. ಎರಡು ರಾಡುಗಳು ಮೇಲೆ, ನಡುವೆ, ಕೆಳಗೆ ಒಂದೇ ಅಂತರದಲ್ಲಿ ಇರಬೇಕು. ವೆಲ್ಡ್ ಬಿಸಿಗೆ ಫ್ರೇಮ್ ಎಳೆದುಕೊಳ್ಳುವುದರಿಂದ ಎಲ್ಲ ವೆಲ್ಡ್ ಮುಗಿದು ತಣ್ಣಗಾದ ಮೇಲೆ ರಾಡು ಕೂರಿಸಲು ಹೇಳಿ, ಮೊದಲೇ ಅಲ್ಲ.

ಹಳೆಯದು ಕೊಳ್ಳುವಾಗ

ಮುಚ್ಚಿದ ಜಿಮ್‌ನ ಮೆಷಿನ್ ಗಟ್ಟಿ ಇರುತ್ತದೆ, ಬೆಲೆಯೂ ಇಳಿದಿರುತ್ತದೆ. ಕೇಬಲ್ ಸವೆದಿದ್ದರೆ, ಪುಲ್ಲಿ ಅಲ್ಲಾಡುತ್ತಿದ್ದರೆ ಹೆದರಬೇಡಿ, ಅವು ಬದಲಿಸುವ ಸಾಮಾನು. ಆ ಖರ್ಚನ್ನು ಬೆಲೆಯಿಂದ ಕಳೆಯಿರಿ. ರಾಡಿನ ಮೇಲೆ ಉಗುರು ಎಳೆದಾಗ ಗೀರು ತಡೆದರೆ, ಕ್ರೋಮ್ ಎದ್ದು ತುಕ್ಕು ಕಂಡರೆ, ಕಂಬದ ಬುಡದ ವೆಲ್ಡಿನಲ್ಲಿ ಕೂದಲೆಳೆಯ ಬಿರುಕಿದ್ದರೆ ವಾಪಸ್ ಬನ್ನಿ. ಹೊಸ ಬಣ್ಣ ಬಳಿದ ಹಳೆಯ ಮೆಷಿನ್‌ನಲ್ಲಿ ವೆಲ್ಡ್ ಜಾಗವನ್ನೇ ಮೊದಲು ನೋಡುವುದು.

ಕೂರಿಸುವಾಗ

ಫ್ರೇಮಿನ ಬೋಲ್ಟುಗಳನ್ನೆಲ್ಲ ಮೊದಲು ಕೈಯಿಂದ ಸಡಿಲವಾಗಿ ಹಾಕಿ. ರಸಮಟ್ಟ ಇಟ್ಟು ನಾಲ್ಕೂ ಕಾಲು ಸರಿಮಾಡಿ, ಗಾರೆಯವರ ತೂಗುಗುಂಡು ಬಿಟ್ಟು ರಾಡು ನೆಟ್ಟಗಿದೆಯೇ ನೋಡಿ. ಆಮೇಲಷ್ಟೇ ಪಾನಾ ಹಾಕಿ ಬಿಗಿಯಿರಿ. ಮೊದಲೇ ಬಿಗಿದರೆ ಕೊನೆಯ ಬೋಲ್ಟ್ ತೂತಿಗೆ ಬರುವುದಿಲ್ಲ. ಸುತ್ತಿಗೆಯಿಂದ ಹೊಡೆದು ಕೂರಿಸಿದರೆ ರಾಡು ಶಾಶ್ವತವಾಗಿ ಸೊಟ್ಟ.

ಕೇಬಲ್ ಬಿಗಿ ಹೊಂದಿಸುವುದು ಸ್ಟ್ಯಾಕಿನ ನೆತ್ತಿಯಲ್ಲಿರುವ ಬೋಲ್ಟಿನಲ್ಲಿ. ಹೆಚ್ಚು ಬಿಗಿದರೆ ಮೇಲಿನ ಪ್ಲೇಟು ಎದ್ದುನಿಂತು, ತೂತು ಸರಿಬಾರದೆ ಪಿನ್ ಒಳಗೆ ಹೋಗುವುದಿಲ್ಲ. ಸಡಿಲವಾದರೆ ಎಳೆದ ಕೂಡಲೇ ಮೊದಲೆರಡು ಇಂಚು ಖಾಲಿ ಬಂದು ಆಮೇಲೆ ಝಗ್ಗನೆ ಭಾರ ಹಿಡಿಯುತ್ತದೆ. ಆ ಝಗ್ಗಿಗೇ ಕೇಬಲ್ ತುದಿ ದಣಿಯುವುದು. ಪಿನ್ ಬೆರಳಿಂದ ತಳ್ಳಿದರೆ ಸಲೀಸಾಗಿ ಹೋಗಬೇಕು, ಹ್ಯಾಂಡಲ್ ಅರ್ಧ ಇಂಚು ಎಳೆಯುವುದರೊಳಗೆ ಪ್ಲೇಟು ಅಲುಗಬೇಕು. ಅಲ್ಲಿಗೆ ನಿಲ್ಲಿಸಿ ಲಾಕ್ ನಟ್ ಬಿಗಿಯಿರಿ. ಹೊಸ ಕೇಬಲ್ ಮೊದಲ ತಿಂಗಳಲ್ಲಿ ಸ್ವಲ್ಪ ಹಿಗ್ಗುವುದರಿಂದ ಒಮ್ಮೆ ಮತ್ತೆ ಹೊಂದಿಸಬೇಕಾಗುತ್ತದೆ.

ತಿಂಗಳಿಗೊಮ್ಮೆ ಕೇಬಲ್ಲನ್ನು ಹತ್ತಿ ಬಟ್ಟೆಯಲ್ಲಿ ಹಿಡಿದು ಉದ್ದಕ್ಕೂ ಸವರಿ. ಬಟ್ಟೆ ಎಲ್ಲಾದರೂ ಸಿಕ್ಕಿದರೆ ಒಳಗಿನ ತಂತಿ ಮುರಿದು ಹೊರಬಂದಿದೆ. ಹೊದಿಕೆ ಬಿರಿದಿದ್ದರೆ, ಉಬ್ಬಿದ್ದರೆ, ತುದಿಯ ಬುಗುಟಿಯ ಬಳಿ ಬಾಗಿದ ಗುರುತಿದ್ದರೆ ಅವತ್ತೇ ಬದಲಿಸಿ. ಟೇಪು ಸುತ್ತಿ ಮುಂದೂಡಬೇಡಿ. ಇದಕ್ಕಾಗಿ ಮೆಷಿನ್ ಕೊಳ್ಳುವಾಗಲೇ ಒಂದು ಜೊತೆ ಕೇಬಲ್, ಎರಡು ಪುಲ್ಲಿ ಹೆಚ್ಚಿಗೆ ಕೇಳಿ ಬಿಲ್ಲಿಗೆ ಸೇರಿಸಿ. ಪ್ರತಿ ಕೇಬಲ್ಲಿನ ಉದ್ದವನ್ನು ತುದಿಯಿಂದ ತುದಿಗೆ ಮಿಲಿಮೀಟರಿನಲ್ಲಿ ಅಳೆದು, ಎರಡೂ ತುದಿಯ ಜೋಡಣೆ ಎಂಥದ್ದು ಎಂದು ಫೋಟೋ ತೆಗೆದು ಇಟ್ಟುಕೊಳ್ಳಿ. ಕಂಪನಿ ಮಾಡೆಲ್ ನಿಲ್ಲಿಸಿದ ಮೇಲೆ ಹೊಸ ಕೇಬಲ್ ಮಾಡಿಸಲು ಆ ಅಳತೆಯೇ ಬೇಕಾಗುತ್ತದೆ.